ಟೈರ್ ಬದಲಾವಣೆ, ಬಿಸಿಲಿನ ಉಡುಪು: ವಿಜಯಪುರ ಸೀಮೆಯ ಬೈಕ್ ಸವಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ ಮುಗಿಯುತ್ತಿದ್ದಂತೆ ನನಗೆ ಎರಡು ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಒಂದು ಗಾಲಿಯ ಬಗ್ಗೆ, ಇನ್ನೊಂದು ಮೈಮೇಲಿನ ಬಟ್ಟೆಯ ಬಗ್ಗೆ. ಕಚೇರಿಯ ಗೆಳೆಯರು, ಓಣಿಯ ಹುಡುಗರು, ಬಾಗಲಕೋಟೆ ಮತ್ತು ಬೆಳಗಾವಿಯಿಂದ ಬರೆಯುವವರು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಇಪ್ಪತ್ತು ವರ್ಷಗಳಿಂದ ವಿಜಯಪುರದಲ್ಲಿ ಬೈಕ್ ಓಡಿಸುತ್ತಿದ್ದೇನೆ, ನನ್ನ ಗಾಡಿಯ ಟೈರ್‌ಗಳನ್ನು ನಾನೇ ಬದಲಿಸುತ್ತೇನೆ. ನಮ್ಮ ಕಡೆ ಬಿಸಿಲಿಗೆ ಹೆದರಿದ ಜನ ಎರಡು ಕೆಲಸ ಮಾಡುತ್ತಾರೆ: ಟೈರಿನ ಗಾಳಿ ಇಳಿಸುತ್ತಾರೆ, ಮೈಮೇಲಿನ ಬಟ್ಟೆ ಕಡಿಮೆ ಮಾಡುತ್ತಾರೆ. ಎರಡೂ ತಪ್ಪು. ಏಕೆ ತಪ್ಪು ಎಂಬುದನ್ನು ಬಿಡಿಸಿ ಹೇಳುವುದಕ್ಕಾಗಿಯೇ ಇದನ್ನು ಬರೆಯಲು ಕುಳಿತೆ.

## ಮೊದಲು ತಿಳಿಯಬೇಕಾದದ್ದು

ಬೇಸಿಗೆಯಲ್ಲಿ ಟೈರ್ ಸಿಡಿಯಬಾರದೆಂದು ಗಾಳಿ ಸ್ವಲ್ಪ ಕಡಿಮೆ ಇಡಬೇಕಲ್ಲವೇ?

ಇಡಬಾರದು. ಒಂದೇ ಒಂದು ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಗಾಲಿ ತಿರುಗುವಾಗ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ಗುಂಡಾಗುತ್ತದೆ. ಒಂದೇ ಸಮನೆ ಹೀಗೆ ಮಡಿಚಿ ಬಿಚ್ಚುವ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ. ತಂತಿಯನ್ನು ಮುರಿಯಲು ಹಿಂದೆ ಮುಂದೆ ಬಗ್ಗಿಸಿದಾಗ ಬಗ್ಗಿದ ಜಾಗ ಕೈಗೆ ಬಿಸಿಯಾಗುತ್ತದಲ್ಲ, ಹಾಗೆ. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಿಚುತ್ತದೆ, ಹೆಚ್ಚು ಕಾಯುತ್ತದೆ. ಮೇ ತಿಂಗಳ ಮಧ್ಯಾಹ್ನ ಡಾಂಬರು 60 ಡಿಗ್ರಿ ದಾಟಬಲ್ಲದು. ಆ ಬಿಸಿಗೆ ಟೈರ್ ತಾನೇ ಹುಟ್ಟಿಸಿಕೊಂಡ ಬಿಸಿ ಸೇರಿ, ಮೇಲೆ ಇಬ್ಬರ ಭಾರವೂ ವೇಗವೂ ಕೂಡಿದರೆ ಒಳಗಿನ ನೈಲಾನ್ ಪದರಗಳು ಒಂದನ್ನೊಂದು ಬಿಟ್ಟುಕೊಂಡು ಟೈರ್ ಹರಿಯುತ್ತದೆ.

ಓಡಿದ ಟೈರಿನಲ್ಲಿ ಒತ್ತಡ ಏರುವುದು ನಿಜ. ಸುಮಾರು 6 ಡಿಗ್ರಿ ಉಷ್ಣತೆ ಏರಿದರೆ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೆಚ್ಚುತ್ತದೆ. ಬೆಳಿಗ್ಗೆ 28 ಇದ್ದದ್ದು ಮಧ್ಯಾಹ್ನ ಕೊಲ್ಹಾರ ಮುಟ್ಟುವಾಗ 32 ತೋರಿಸಿದರೆ ಗಾಬರಿಯಾಗಬೇಡಿ. ಟೈರ್ ಮಾಡಿದವರು ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ತಣ್ಣಗಿನ ಟೈರಿನ ಅಳತೆ ಕೊಟ್ಟಿರುತ್ತಾರೆ. ಬಿಸಿ ಟೈರಿನಿಂದ ಗಾಳಿ ಬಿಟ್ಟರೆ ಸಂಜೆ ಅದು ತಣಿದಾಗ 24ಕ್ಕೆ ಇಳಿದಿರುತ್ತದೆ, ಮರುದಿನ ಇನ್ನಷ್ಟು ಮಡಿಚಿ ಇನ್ನಷ್ಟು ಕಾಯುತ್ತದೆ.

ಎಷ್ಟು ಗಾಳಿ ಹಾಕಬೇಕು? ಪಂಕ್ಚರ್ ಅಂಗಡಿಯವರು ಎಲ್ಲ ಗಾಡಿಗೂ ಒಂದೇ ಲೆಕ್ಕ ಹೇಳುತ್ತಾರೆ.

ಗಾಡಿಯ ಕೈಪಿಡಿಯಲ್ಲಿ, ಅನೇಕ ಗಾಡಿಗಳಲ್ಲಿ ಚೈನಿನ ಕವರಿನ ಮೇಲೆ ಅಥವಾ ಹಿಂದಿನ ಗಾಲಿಯನ್ನು ಹಿಡಿದಿರುವ ತೋಳಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಲೆಕ್ಕ ಇರುತ್ತದೆ. ಒಬ್ಬರೇ ಇದ್ದಾಗ ಎಷ್ಟು, ಹಿಂದೆ ಇನ್ನೊಬ್ಬರು ಕುಳಿತಾಗ ಎಷ್ಟು ಎಂದು ಬೇರೆ ಬೇರೆ ಬರೆದಿರುತ್ತಾರೆ. ಸಂತೆಯಿಂದ ಜೋಳದ ಚೀಲ ಹೇರಿಕೊಂಡು ಬರುವವರು ಎರಡನೆಯ ಅಂಕಿಯನ್ನು ನೋಡಬೇಕು. ಟೈರಿನ ಪಕ್ಕೆಯ ಮೇಲೆ ಅಚ್ಚಾಗಿರುವ ಒತ್ತಡ ಆ ಟೈರ್ ತಾಳುವ ಗರಿಷ್ಠ ಮಿತಿ, ದಿನಬಳಕೆಯ ಲೆಕ್ಕವಲ್ಲ. ಅಳೆಯುವುದು ಗಾಡಿ ಮೂರು ಗಂಟೆಯಾದರೂ ನಿಂತ ಮೇಲೆ. ಬಂಕ್ ಎರಡು ಕಿಲೋಮೀಟರ್ ದೂರವಿದ್ದರೆ ಮನೆಯಲ್ಲೇ ಅಳೆದುಕೊಂಡು ಹೋಗಿ. ಪೆನ್ನಿನ ಗಾತ್ರದ ಗೇಜ್ ಒಂದು ಜೇಬಿನಲ್ಲಿರಲಿ.

ಟೈರ್ ಬದಲಿಸುವ ಕಾಲ ಬಂದಿದೆ ಎಂದು ಹೇಗೆ ತಿಳಿಯುವುದು?

ಟೈರಿನ ಪಕ್ಕದಲ್ಲಿ ಚಿಕ್ಕ ತ್ರಿಕೋನ ಅಥವಾ ಟಿಡಬ್ಲ್ಯೂಐ ಎಂಬ ಅಕ್ಷರಗಳಿವೆ. ಅಲ್ಲಿಂದ ನೇರವಾಗಿ ಮೇಲಕ್ಕೆ ನೋಡಿದರೆ ಗ್ರಿಪ್ಪಿನ ಕಾಲುವೆಯ ತಳದಲ್ಲಿ ಸಣ್ಣ ದಿಬ್ಬ ಕಾಣುತ್ತದೆ. ಸವೆತ ಆ ದಿಬ್ಬಕ್ಕೆ ಮುಟ್ಟಿದರೆ ಟೈರಿನ ಕೆಲಸ ಮುಗಿಯಿತು. ದ್ವಿಚಕ್ರ ವಾಹನಕ್ಕೆ ನಿಯಮ ಹೇಳುವ ಕನಿಷ್ಠ ಆಳ 0.8 ಮಿಲಿಮೀಟರ್. ನಾನು ಅಲ್ಲಿಯವರೆಗೆ ಕಾಯುವುದಿಲ್ಲ. 2 ಮಿಲಿಮೀಟರ್ ಉಳಿದಿರುವಾಗಲೇ, ರೋಹಿಣಿ ಮಳೆಗೆ ಮೊದಲು ಬದಲಿಸುತ್ತೇನೆ. ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು, ಎಲ್ಲಿಯಾದರೂ ಗುಳ್ಳೆಯಂತೆ ಉಬ್ಬು, ಒಳಗಿನ ದಾರ ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ಗ್ರಿಪ್ ಎಷ್ಟೇ ಉಳಿದಿರಲಿ ಆ ಟೈರ್ ಬೇಡ.

ಬೇಸಿಗೆಯಲ್ಲಿ ಮಳೆಯೇ ಇಲ್ಲವಲ್ಲ. ಸವೆದ ಟೈರನ್ನು ಮೇ ತಿಂಗಳು ಕಳೆಯುವವರೆಗೆ ಓಡಿಸಬಹುದೇ?

ಒಣ ರಸ್ತೆಯಲ್ಲಿ ಸವೆದ ಟೈರ್ ಹಿಡಿತ ಕೊಡುತ್ತದೆ, ಅದನ್ನು ಒಪ್ಪುತ್ತೇನೆ. ಆದರೆ ತೆಳ್ಳಗಾದ ರಬ್ಬರಿಗೆ ಬಳ್ಳಾರಿ ಜಾಲಿಯ ಮುಳ್ಳು, ಹೊಲದ ದಾರಿಯಲ್ಲಿ ತೊಗರಿ ಮತ್ತು ಹತ್ತಿಯ ಕೂಳೆ ಸುಲಭವಾಗಿ ಇಳಿಯುತ್ತವೆ. ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳ ಸಂಜೆ ಅಡ್ಡಮಳೆ ಹೇಳದೆ ಕೇಳದೆ ಬರುತ್ತದೆ. ಬೆಳಗಾವಿ ಕಡೆಯಂತೂ ಆಲಿಕಲ್ಲು ಸಹಿತ ಬರುತ್ತದೆ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕುಳಿತ ಎಣ್ಣೆ ಮತ್ತು ಧೂಳು ಮೊದಲ ಹತ್ತು ನಿಮಿಷದ ಮಳೆಗೆ ಕಲಸಿದ ಹಿಟ್ಟಿನಂತಾಗುತ್ತವೆ. ಟ್ರ್ಯಾಕ್ಟರ್ ಗಾಲಿಗಳು ಹೊಲದಿಂದ ತಂದು ಹಾಕಿದ ಎರೆ ಮಣ್ಣು ಅದರ ಮೇಲೆ ಸೇರಿದರೆ ಹೊಸ ಟೈರೇ ಜಾರುತ್ತದೆ, ಸವೆದದ್ದರ ಮಾತು ಬೇಡ.

## ಟೈರ್ ಕೊಳ್ಳುವಾಗ

ಟೈರಿನ ಮೇಲೆ 80/100-18 54ಪಿ ಎಂದಿದೆ. ಇದರ ಅರ್ಥವೇನು?

80 ಎಂದರೆ ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. 100 ಎಂದರೆ ಅಗಲದ ಶೇಕಡಾ ನೂರರಷ್ಟು ಎತ್ತರ. ಇಲ್ಲಿ ಅದೂ 80 ಮಿಲಿಮೀಟರ್. 18 ಎಂದರೆ ರಿಮ್ಮಿನ ವ್ಯಾಸ, ಇಂಚುಗಳಲ್ಲಿ. 54 ಎಂಬುದು ಭಾರದ ಸಂಕೇತ. ಆ ಟೈರ್ 212 ಕಿಲೋ ಹೊರಬಲ್ಲದು. ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದ ಮಿತಿ.

ಜನ ಎಡವುವುದು ಭಾರದ ಸಂಕೇತದಲ್ಲಿ. ಎಷ್ಟೋ ಸಣ್ಣ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಟೈರಿನ ಅಳತೆ ಒಂದೇ ಆಗಿರುತ್ತದೆ, ಹೊರುವ ಶಕ್ತಿ ಮಾತ್ರ ಬೇರೆ. ಸಂಕೇತ 47 ಇದ್ದರೆ ಅದು 175 ಕಿಲೋ ಮಾತ್ರ ಹೊರುತ್ತದೆ. ಅಳತೆ ಹೊಂದುತ್ತದೆ ಎಂದು ಮುಂದಿನದನ್ನು ಹಿಂದೆ ಹಾಕಿ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಸವನ ಬಾಗೇವಾಡಿಗೆ ಹೊರಟರೆ ಆ ಟೈರಿಗೆ ಅದರ ಶಕ್ತಿ ಮೀರಿದ ಕೆಲಸ ಕೊಟ್ಟಂತೆ.

ಅಂಗಡಿಯಲ್ಲಿ ಹೊಸ ಟೈರ್ ಎಂದು ಕೊಟ್ಟಿದ್ದಾರೆ. ನಿಜವಾಗಿಯೂ ಹೊಸದೇ ಎಂದು ತಿಳಿಯುವುದು ಹೇಗೆ?

ಪಕ್ಕೆಯ ಮೇಲೆ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ನಮ್ಮ ಬಿಸಿಲಿನಲ್ಲಿ ಅಂಗಡಿಯ ಮುಂದೆ ನೇತು ಹಾಕಿದ ಟೈರ್ ಓಡದೆಯೂ ಮುದಿಯಾಗುತ್ತದೆ, ರಬ್ಬರಿನ ಮೆದುತನ ಹೋಗುತ್ತದೆ. ವರ್ಷ ಒಂದು ದಾಟಿದ್ದರೆ ಬೇರೆಯದನ್ನು ಕೇಳಿ, ಕೇಳುವುದಕ್ಕೆ ಸಂಕೋಚ ಬೇಡ. ಕಡಿಮೆ ಓಡುವ ಗಾಡಿಯಲ್ಲೂ ಐದಾರು ವರ್ಷ ತುಂಬಿದ ಟೈರನ್ನು ನಾನು ಇಟ್ಟುಕೊಳ್ಳುವುದಿಲ್ಲ. ಐಎಸ್‌ಐ ಗುರುತನ್ನೂ ನೋಡಿಕೊಳ್ಳಿ.

ಹಿಂದಿನ ಗಾಲಿಗೆ ಒಂದು ಸೈಜ್ ದಪ್ಪ ಟೈರ್ ಹಾಕಿಸಲೇ? ನೋಡಲು ಚೆನ್ನಾಗಿರುತ್ತದೆ.

ರಿಮ್ಮಿನ ಅಗಲಕ್ಕೆ ತಕ್ಕ ಟೈರ್ ಮಾತ್ರ ತನ್ನ ಸರಿಯಾದ ಆಕಾರದಲ್ಲಿ ಕೂರುತ್ತದೆ. ಕಿರಿದಾದ ರಿಮ್ಮಿಗೆ ದಪ್ಪ ಟೈರ್ ಹಾಕಿದರೆ ಅಂಚುಗಳು ಒಳಕ್ಕೆ ಎಳೆದುಕೊಂಡು ನಡು ಉಬ್ಬುತ್ತದೆ. ನೆಲ ಹಿಡಿಯುವ ಜಾಗ ಹೆಚ್ಚಾಗುವ ಬದಲು ಕಡಿಮೆಯಾಗುತ್ತದೆ, ಮೈಲೇಜ್ ಇಳಿಯುತ್ತದೆ, ತಿರುವಿನಲ್ಲಿ ಗಾಡಿ ವಾಲಲು ಒಲ್ಲೆ ಎನ್ನುತ್ತದೆ. ಚೈನಿಗೋ ಮಡ್‌ಗಾರ್ಡಿಗೋ ಉಜ್ಜುವುದೂ ಉಂಟು. ಕಂಪನಿ ಕೊಟ್ಟ ಅಳತೆಯನ್ನೇ ಹಾಕಿ.

ನನ್ನ ಗಾಡಿಗೆ ಕಡ್ಡಿ ಗಾಲಿ ಇದೆ. ಟ್ಯೂಬ್‌ಲೆಸ್ ಮಾಡಿಸಬಹುದೇ?

ಕಡ್ಡಿಗಳು ರಿಮ್ಮಿನ ನಡುವೆ ತೂತು ಕೊರೆದು ಕೂತಿರುತ್ತವೆ, ಅಲ್ಲಿಂದ ಗಾಳಿ ಸೋರುತ್ತದೆ. ಜೊತೆಗೆ ಟ್ಯೂಬ್‌ಲೆಸ್ ರಿಮ್ಮಿನಲ್ಲಿ ಟೈರಿನ ಅಂಚು ಒಳಕ್ಕೆ ಜಾರದಂತೆ ತಡೆಯುವ ಸಣ್ಣ ಏಣು ಇರುತ್ತದೆ. ಸಾಮಾನ್ಯ ಕಡ್ಡಿ ಗಾಲಿಯಲ್ಲಿ ಅದಿಲ್ಲ. ತೂತುಗಳಿಗೆ ಅಂಟು ಮೆತ್ತಿ ಮಾಡಿಕೊಡುವವರಿದ್ದಾರೆ. ಮುಂದಿನ ಗಾಲಿಯನ್ನು ನಾನು ಆ ಅಂಟಿನ ಭರವಸೆಗೆ ಬಿಡಲಾರೆ. ಒಳ್ಳೆಯ ಟ್ಯೂಬ್ ಹಾಕಿಸಿ, ಪ್ರತಿ ಹೊಸ ಟೈರಿಗೂ ಹೊಸ ಟ್ಯೂಬ್.

ಸವೆದ ಟೈರಿಗೆ ಗ್ರಿಪ್ ಕೆತ್ತಿಸಿದರೆ ಹಣ ಉಳಿಯುತ್ತದಲ್ಲ?

ಕೆತ್ತುವುದು ಉಳಿದ ತೆಳು ರಬ್ಬರನ್ನೇ. ದಾರದ ಪದರದವರೆಗೆ ಬ್ಲೇಡ್ ಹೋಗುತ್ತದೆ. ಮಾಡಿಸಬೇಡಿ.

ನೈಟ್ರೋಜನ್ ಗಾಳಿ ಹಾಕಿಸಿದರೆ ಬಿಸಿಲಿಗೆ ಟೈರ್ ಕಾಯುವುದಿಲ್ಲ ಎನ್ನುತ್ತಾರೆ.

ನಾವು ಉಸಿರಾಡುವ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ. ಶುದ್ಧ ನೈಟ್ರೋಜನ್ ತುಂಬಿದರೂ ಬಿಸಿಗೆ ಒತ್ತಡ ಹೆಚ್ಚು ಕಡಿಮೆ ಅಷ್ಟೇ ಏರುತ್ತದೆ. ದುಡ್ಡು ಕೊಡದೆ ಸಿಕ್ಕರೆ ಹಾಕಿಸಿಕೊಳ್ಳಿ, ಅದಕ್ಕಾಗಿ ಊರು ಸುತ್ತಬೇಡಿ.

## ಟೈರ್ ಬಿಚ್ಚಿ ಹಾಕುವಾಗ

ಟೈರನ್ನು ಮನೆಯಲ್ಲೇ ಬದಲಿಸಬಹುದೇ? ಏನೇನು ಸಾಮಾನು ಬೇಕು?

ಟ್ಯೂಬ್ ಇರುವ ಸಣ್ಣ ಗಾಡಿಯಾದರೆ ಧಾರಾಳವಾಗಿ ಮಾಡಬಹುದು. ಮೊದಲ ಸಲ ಅರ್ಧ ದಿನ ಹಿಡಿಯುತ್ತದೆ, ನಾಲ್ಕನೆಯ ಸಲ ಮುಕ್ಕಾಲು ಗಂಟೆ ಸಾಕು. ಆಕ್ಸಲ್ ನಟ್ಟಿಗೆ ಹೊಂದುವ ಪಾನಾ, ಚಮಚದಂತೆ ತುದಿ ಬಾಗಿದ ಟಾಮಿ (ಟೈರಿನ ಅಂಚು ಎತ್ತುವ ಸರಳು) ಮೂರು, ವಾಲ್ವಿನ ಪಿನ್ ಬಿಚ್ಚುವ ಪುಟ್ಟ ಸಾಧನ, ಸೋಪಿನ ನೀರು, ಟಾಲ್ಕಂ ಪೌಡರ್, ಕಾಲಿನಿಂದ ಒತ್ತುವ ಪಂಪ್. ರಿಮ್ ಗೀಚದಂತೆ ಹಳೆಯ ಟ್ಯೂಬಿನ ತುಂಡುಗಳು. ನಡು ಸ್ಟ್ಯಾಂಡ್ ಇಲ್ಲದ ಗಾಡಿಯನ್ನು ಇಟ್ಟಿಗೆಯ ಮೇಲೆ ನಿಲ್ಲಿಸುವ ಸಾಹಸ ಬೇಡ, ಹಿಂದಿನ ಗಾಲಿ ಎತ್ತುವ ಸ್ಟ್ಯಾಂಡ್ ತನ್ನಿ.

ಟೈರನ್ನು ಅರ್ಧ ಗಂಟೆ ಬಿಸಿಲಿಗಿಟ್ಟರೆ ರಬ್ಬರ್ ಮೆತ್ತಗಾಗಿ ಕೈಮಾತು ಕೇಳುತ್ತದೆ. ವಿಜಯಪುರದ ಬಿಸಿಲು ನಮಗೆ ಸಹಾಯ ಮಾಡುವ ಅಪರೂಪದ ಜಾಗವಿದು. ಡಿಸ್ಕ್ ಬ್ರೇಕ್ ಇದ್ದರೆ ಗಾಲಿ ಹೊರಗಿರುವಾಗ ಬ್ರೇಕ್ ಹಿಡಿ ಒತ್ತಬೇಡಿ. ಪ್ಯಾಡ್‌ಗಳು ಕೂಡಿಕೊಂಡು ಡಿಸ್ಕ್ ಒಳಗೆ ಹೋಗುವುದಿಲ್ಲ. ಗಾಲಿಯನ್ನು ಡಿಸ್ಕ್ ಮೇಲ್ಮುಖವಾಗಿರುವಂತೆ ಮಲಗಿಸಿ. ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಬಿಗಿಯದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಡಿಸ್ಕಿನ ಪಕ್ಕದ ಹಲ್ಲಿನ ಬಳೆ ಬಾಗದಂತೆ ನೋಡಿಕೊಳ್ಳಿ.

ಹಳೆಯ ಟೈರ್ ರಿಮ್ ಬಿಟ್ಟು ಬರುವುದೇ ಇಲ್ಲ. ಎಷ್ಟು ಬಲ ಹಾಕಿದರೂ ಆಗುತ್ತಿಲ್ಲ.

ಬಲ ಹಾಕಬೇಕಾಗಿ ಬಂದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇದೆ, ಅದು ಹಿಗ್ಗುವುದಿಲ್ಲ. ಹಾಗಿದ್ದರೂ ಅದು ತನಗಿಂತ ದೊಡ್ಡದಾದ ರಿಮ್ಮಿನ ತುಟಿಯನ್ನು ದಾಟಿ ಬರಬೇಕು. ದಾರಿ ಒಂದೇ. ರಿಮ್ಮಿನ ನಡುವೆ ತಗ್ಗಾದ ಹಳ್ಳವಿದೆ. ನೀವು ಟಾಮಿ ಹಾಕಿದ ಜಾಗದ ಎದುರು ಬದಿಯಲ್ಲಿ ಟೈರಿನ ಅಂಚನ್ನು ಮೊಣಕಾಲಿನಿಂದ ಒತ್ತಿ ಆ ಹಳ್ಳಕ್ಕೆ ಇಳಿಸಿ. ಅಲ್ಲಿ ಉಳಿದ ಸಡಿಲು ಇಲ್ಲಿಗೆ ಬರುತ್ತದೆ, ಟಾಮಿ ಬೆಣ್ಣೆಯಲ್ಲಿ ಕೈ ಆಡಿಸಿದಂತೆ ಏಳುತ್ತದೆ.

ಅದಕ್ಕೂ ಮೊದಲು ಪಿನ್ ಬಿಚ್ಚಿ ಗಾಳಿಯನ್ನು ಪೂರ್ತಿ ಬಿಡಬೇಕು, ಎರಡೂ ಬದಿಯ ಅಂಚನ್ನು ಸುತ್ತಲೂ ತುಳಿದು ರಿಮ್ಮಿನಿಂದ ಬಿಡಿಸಬೇಕು. ಸೋಪಿನ ನೀರನ್ನು ಧಾರಾಳವಾಗಿ ಹಚ್ಚಿ. ಗ್ರೀಸ್, ಎಂಜಿನ್ ಎಣ್ಣೆ ಮಾತ್ರ ಬೇಡ. ಅವು ಒಣಗುವುದಿಲ್ಲ, ಟೈರ್ ರಿಮ್ಮಿನ ಮೇಲೆ ಜಾರುತ್ತಲೇ ಇರುತ್ತದೆ. ಟಾಮಿಯನ್ನು ಒಂದೊಂದು ಸಲಕ್ಕೆ ಎರಡು ಬೆರಳಿನಷ್ಟು ದೂರ ಸರಿಸಿ, ಗೇಣುದ್ದ ಹಾರಬೇಡಿ. ಹೊಸ ಟೈರ್ ಹಾಕುವಾಗಲೂ ಇದೇ ಹಳ್ಳದ ಲೆಕ್ಕ. ಕೊನೆಯ ಅಂಚು ವಾಲ್ವಿನ ಬಳಿ ಒಳಗೆ ಹೋಗುವಂತೆ ಯೋಜಿಸಿಕೊಳ್ಳಿ, ಏಕೆಂದರೆ ವಾಲ್ವ್ ಇರುವ ಕಡೆ ಅಂಚು ಹಳ್ಳಕ್ಕೆ ಇಳಿಯುವುದಿಲ್ಲ.

ಹೊಸ ಟ್ಯೂಬ್ ಹಾಕಿ ಗಾಳಿ ತುಂಬಿದ ಕೂಡಲೇ ಸೋರುತ್ತದೆ. ಟ್ಯೂಬೇ ಕೆಟ್ಟದ್ದೇ?

ಟಾಮಿ ಮತ್ತು ರಿಮ್ಮಿನ ನಡುವೆ ಟ್ಯೂಬ್ ಸಿಕ್ಕಿರುತ್ತದೆ. ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಕಂಡರೆ ಅದೇ ಕಾರಣ. ಟ್ಯೂಬಿಗೆ ಅದು ಗುಂಡಗಾಗುವಷ್ಟೇ ಗಾಳಿ ತುಂಬಿ, ಪೌಡರ್ ಸವರಿ, ಎಲ್ಲಿಯೂ ತಿರುಚದಂತೆ ಒಳಗೆ ಕೂರಿಸಿ. ಕಡ್ಡಿ ತುದಿಗಳನ್ನು ಮುಚ್ಚುವ ರಬ್ಬರ್ ಪಟ್ಟಿ ಸರಿದಿದ್ದರೆ ಕಡ್ಡಿಯೇ ಚುಚ್ಚುತ್ತದೆ. ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ಹಳೆಯ ಮುಳ್ಳಿನ ತುದಿ ಅಲ್ಲೇ ಇರಬಹುದು.

ವಾಲ್ವಿನ ಬುಡದ ನಟ್ಟನ್ನು ರಿಮ್ಮಿಗೆ ಬಿಗಿಯಬೇಡಿ, ಮೇಲಕ್ಕೆ ಕ್ಯಾಪಿನ ಬಳಿ ಸರಿಸಿಡಿ. ಟೈರ್ ರಿಮ್ಮಿನ ಮೇಲೆ ಜಾರಿದರೆ ಆಗ ವಾಲ್ವ್ ಓರೆಯಾಗಿ ನಿಮಗೆ ಮುನ್ಸೂಚನೆ ಕೊಡುತ್ತದೆ. ನಟ್ ಬಿಗಿದಿದ್ದರೆ ಸೂಚನೆ ಸಿಗುವುದಿಲ್ಲ, ವಾಲ್ವ್ ಬುಡದಿಂದ ಹರಿಯುತ್ತದೆ.

ನಾನು ಅಂಗಡಿಯಲ್ಲೇ ಹಾಕಿಸುತ್ತೇನೆ. ಪಕ್ಕದಲ್ಲಿ ನಿಂತು ಏನನ್ನು ನೋಡಬೇಕು?

ಒಂದು ಸಲ ನಾನೂ ಅವಸರದಲ್ಲಿ ಹಿಂದಿನ ಟೈರನ್ನು ಒಂದು ಅಂಗಡಿಯಲ್ಲಿ ಹಾಕಿಸಿ, ನೋಡದೆ ಹೊರಟುಬಿಟ್ಟೆ. ಬಬಲೇಶ್ವರದ ದಾರಿಯಲ್ಲಿ ಬ್ರೇಕ್ ತುಳಿದಾಗ ಹಿಂದಿನಿಂದ ಟಕ್ ಎಂಬ ಸದ್ದು ಬಂತು. ಇಳಿದು ನೋಡಿದರೆ ಬ್ರೇಕಿನ ತಟ್ಟೆಯನ್ನು ಹಿಡಿದಿರುವ ಸರಳಿನ ನಟ್ ಕೈಯಲ್ಲೇ ತಿರುಗುತ್ತಿತ್ತು, ಅದು ಕಳಚದಂತೆ ತಡೆಯುವ ಕಾಟರ್ ಪಿನ್ ಇರಲೇ ಇಲ್ಲ. ಆ ನಟ್ ಬಿದ್ದಿದ್ದರೆ ಮತ್ತೊಮ್ಮೆ ಬ್ರೇಕ್ ತುಳಿದಾಗ ಆ ತಟ್ಟೆಯೇ ಗಾಲಿಯೊಂದಿಗೆ ತಿರುಗಿ ಗಾಲಿ ಬಿಗಿಯುತ್ತಿತ್ತು. ಅಂದು ಹಿಂದೆ ನನ್ನ ಮಗ ಕುಳಿತಿದ್ದ. ಟೈರ್ ಕೆಲಸವನ್ನು ನಾನೇ ಕಲಿತದ್ದು ಆ ದಿನದಿಂದ.

ಆದ್ದರಿಂದ ಡ್ರಮ್ ಬ್ರೇಕ್ ಗಾಡಿಯಾದರೆ ಆ ಸರಳಿನ ನಟ್ಟನ್ನು ಮೊದಲು ನೋಡಿ. ಆಮೇಲೆ ಆಕ್ಸಲ್ ನಟ್. ಪಕ್ಕೆಯ ಬಾಣದ ಗುರುತು ಗಾಡಿ ಮುಂದೆ ಹೋಗುವ ದಿಕ್ಕಿನಲ್ಲಿರಬೇಕು. ಚೈನ್ ಹೊಂದಿಸುವ ಗುರುತು ಎರಡೂ ಬದಿಯಲ್ಲಿ ಒಂದೇ ಗೆರೆಯಲ್ಲಿರಬೇಕು. ರಿಮ್ಮಿನ ಪಕ್ಕದಲ್ಲಿ ಟೈರಿನ ಮೇಲೊಂದು ತೆಳು ಗೆರೆ ಸುತ್ತಲೂ ಸಮವಾಗಿ ಕಾಣಬೇಕು; ಒಂದು ಕಡೆ ಮುಳುಗಿದ್ದರೆ ಟೈರ್ ಸರಿಯಾಗಿ ಕೂತಿಲ್ಲ, ಗಾಳಿ ಬಿಟ್ಟು ಸೋಪು ಹಚ್ಚಿ ಮತ್ತೆ ತುಂಬಿಸಿ. ಗಾಡಿ ಹತ್ತುವ ಮೊದಲು ನಿಂತಲ್ಲೇ ನಾಲ್ಕಾರು ಸಲ ಬ್ರೇಕ್ ಒತ್ತಿ.

ಟ್ಯೂಬ್‌ಲೆಸ್ ಟೈರಿಗೆ ಹೊರಗಿನಿಂದ ಚುಚ್ಚುವ ರಬ್ಬರ್ ದಾರ ಸಾಕೇ?

ಊರು ಮುಟ್ಟಲು ಸಾಕು. ದೂರದ ಓಟಕ್ಕೆ ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸುವುದು ಒಳ್ಳೆಯದು. ತೂತು ಪಕ್ಕೆಯಲ್ಲಿದ್ದರೆ ಯಾವ ರಿಪೇರಿಯೂ ಬೇಡ, ಟೈರ್ ಬದಲಿಸಿ.

ಹೊಸ ಟೈರ್ ಜಾರುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಅಚ್ಚಿನಿಂದ ಬಂದ ನುಣುಪು ಮೇಲ್ಮೈ ಸವೆಯುವವರೆಗೆ, ಮೊದಲ 150-200 ಕಿಲೋಮೀಟರ್ ಹೆಚ್ಚು ವಾಲಿಸಬೇಡಿ, ಒಮ್ಮೆಲೇ ಬ್ರೇಕ್ ಹಾಕಬೇಡಿ. ಹೊಳಪಿಗೆಂದು ಟೈರಿಗೆ ಎಣ್ಣೆ ಪಾಲಿಶ್ ಹಚ್ಚಿಸಿಕೊಳ್ಳಲೇಬೇಡಿ.

## ಬಿಸಿಲಿನ ಉಡುಪು

42 ಡಿಗ್ರಿ ಬಿಸಿಲಿನಲ್ಲಿ ಜಾಕೆಟ್ ಹಾಕಿಕೊಳ್ಳುವುದು ಹುಚ್ಚುತನವಲ್ಲವೇ?

ಹೊಲಕ್ಕೆ ಹೋಗುವ ನಮ್ಮ ಹಿರಿಯರನ್ನು ನೆನೆಯಿರಿ. ತುಂಬು ತೋಳಿನ ಅಂಗಿ, ಧೋತರ, ತಲೆಗೆ ರುಮಾಲು. ಕಳೆ ತೆಗೆಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟುಕೊಂಡಿರುತ್ತಾರೆ. ಬಿಸಿಲಿನಲ್ಲಿ ದಿನವಿಡೀ ಇರುವವರು ಮೈ ಮುಚ್ಚುತ್ತಾರೆ. ಬೈಕ್ ಸವಾರ ಮಾತ್ರ ಅರ್ಧ ತೋಳಿಗೆ ಇಳಿಯುತ್ತಾನೆ.

ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಬೀಸುವ ಗಾಳಿ ಅದಕ್ಕಿಂತ ತಂಪಾಗಿದ್ದರೆ ಮೈಯ ಶಾಖವನ್ನು ಒಯ್ಯುತ್ತದೆ. 42 ಡಿಗ್ರಿಯ ಗಾಳಿ ಶಾಖವನ್ನು ತಂದು ಸುರಿಯುತ್ತದೆ. ಬೈಕ್ ಜೋರಾಗಿ ಓಡಿದಷ್ಟೂ ಹೆಚ್ಚು ಸುರಿಯುತ್ತದೆ. ರೊಟ್ಟಿ ಬೇಯಿಸುವ ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ. ಆಗ ಮೈಯನ್ನು ತಣಿಸುವುದು ಬೆವರು ಆರುವುದೊಂದೇ. ಬರಿಯ ಚರ್ಮದ ಮೇಲೆ ಒಣ ಗಾಳಿ ಬಡಿದರೆ ಬೆವರು ಕಾಣುವ ಮೊದಲೇ ಹಾರಿಹೋಗುತ್ತದೆ. ಬೆವರುತ್ತಿಲ್ಲ ಎಂದು ನಾವು ತಿಳಿಯುತ್ತೇವೆ, ಒಳಗಿನ ನೀರು ಬರಿದಾಗುತ್ತಿರುತ್ತದೆ. ಮೈ ಮುಚ್ಚಿದ, ಗಾಳಿಯಾಡುವ ಬಟ್ಟೆ ಬಿಸಿಲನ್ನು ತಡೆದು ಬೆವರನ್ನು ನಿಧಾನವಾಗಿ ಆರಿಸುತ್ತದೆ. ಜಾಕೆಟ್ ಸೆಕೆ ಎನಿಸುವುದು ಸಿಗ್ನಲ್ಲಿನಲ್ಲಿ ನಿಂತಾಗ. ಓಡುವಾಗ ಅದು ನೆರಳು. ಬಿದ್ದಾಗ ಚರ್ಮ ಉಳಿಸುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಯಾವ ಜಾಕೆಟ್ ತೆಗೆದುಕೊಳ್ಳಲಿ? ಎಲ್ಲವೂ ಒಂದೇ ತರಹ ಕಾಣುತ್ತವೆ.

ಎದೆ, ತೋಳು, ಬೆನ್ನಿನ ಕಡೆ ಜಾಲರಿ ಬಟ್ಟೆ ಇರುವುದು ಬೇಸಿಗೆಗೆ ಸರಿ. ಆದರೆ ಬಿದ್ದಾಗ ಮೊದಲು ನೆಲಕ್ಕೆ ತಾಗುವ ಭುಜ ಮತ್ತು ಮೊಣಕೈ ಜಾಗದಲ್ಲಿ ಜಾಲರಿ ಇರಬಾರದು, ದಪ್ಪ ನೇಯ್ಗೆ ಇರಬೇಕು. ಒಳಗಿನ ಚೀಟಿ ನೋಡಿ. ಇಎನ್ 17092 ಎಂಬ ಯುರೋಪಿನ ಮಾನದಂಡದಲ್ಲಿ ಎಎಎ ಅತಿ ಗಟ್ಟಿ, ನಂತರ ಎಎ, ನಂತರ ಎ. ಹಗುರ ಜಾಲರಿ ಜಾಕೆಟ್‌ಗಳು ಬಹುಮಟ್ಟಿಗೆ ಎ ವರ್ಗದವು, ಹುಡುಕಿದರೆ ಎಎ ಕೂಡ ಸಿಗುತ್ತದೆ. ಭುಜ, ಮೊಣಕೈ, ಮೊಣಕಾಲಿನ ಗುರಾಣಿಗಳ ಮೇಲೆ ಇಎನ್ 1621-1, ಬೆನ್ನಿನದರ ಮೇಲೆ ಇಎನ್ 1621-2 ಎಂದಿರಬೇಕು. ಎರಡನೆಯ ಮಟ್ಟದ ಗುರಾಣಿ ಒಂದನೆಯದಕ್ಕಿಂತ ಹೆಚ್ಚು ಪೆಟ್ಟು ಹೀರುತ್ತದೆ. ಅನೇಕ ಜಾಕೆಟ್‌ಗಳಲ್ಲಿ ಬೆನ್ನಿಗೆ ಬರಿಯ ಸ್ಪಂಜ್ ಇಟ್ಟಿರುತ್ತಾರೆ; ಅದನ್ನು ತೆಗೆದು ನಿಜವಾದದ್ದನ್ನು ಹಾಕಿ.

ಅಳತೆ ಬಿಗಿಯಾಗಿರಬೇಕು. ಸಡಿಲವಾದ ಜಾಕೆಟ್ಟಿನಲ್ಲಿ ಬಿದ್ದಾಗ ಗುರಾಣಿ ಸರಿದು ಮೊಣಕೈ ಬರಿದಾಗುತ್ತದೆ. ಬಣ್ಣ ತಿಳಿಯಾಗಿರಲಿ. ಧೂಳು ಕಾಣುತ್ತದೆ ಎಂದು ಕಪ್ಪು ಆರಿಸುವವರು ಇಂಡಿ ಪಟ್ಟಣದ ದಾರಿಯಲ್ಲಿ ಮಧ್ಯಾಹ್ನ ಒಮ್ಮೆ ಓಡಿಸಿ ನೋಡಲಿ.

ಹೆಲ್ಮೆಟ್ಟಿನೊಳಗೆ ತಲೆ ಬೇಯುತ್ತದೆ. ಅರ್ಧ ಹೆಲ್ಮೆಟ್ ಸಾಲದೇ?

ಸಾಲದು. ಗದ್ದ ಮುಚ್ಚುವ ಪೂರ್ಣ ಹೆಲ್ಮೆಟ್ ಬಿಸಿಗಾಳಿಯನ್ನೂ ಬಾಗಲಕೋಟೆ ಕಡೆಯ ಸುಣ್ಣದಕಲ್ಲಿನ ಧೂಳನ್ನೂ ಕಣ್ಣಿನಿಂದ ದೂರ ಇಡುತ್ತದೆ. ಗದ್ದದ ಬಳಿ ಮತ್ತು ನೆತ್ತಿಯ ಮೇಲೆ ಗಾಳಿಕಂಡಿ ಇರುವುದನ್ನು, ಒಳ ಮೆತ್ತೆಯನ್ನು ಬಿಚ್ಚಿ ತೊಳೆಯಬಹುದಾದದ್ದನ್ನು ಆರಿಸಿ. ತೆಳು ಹತ್ತಿಯ ಟೊಪ್ಪಿಗೆಯೊಂದನ್ನು ಒಳಗೆ ಹಾಕಿಕೊಂಡರೆ ಬೆವರು ಕಣ್ಣಿಗಿಳಿಯುವುದಿಲ್ಲ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಗುರುತಿನ ಜೊತೆ ಐಎಸ್ 4151 ಎಂಬ ಸಂಖ್ಯೆ ಇರುತ್ತದೆ. ಕಪ್ಪು ಗಾಜು ಹಗಲಿಗೆ ಮಾತ್ರ. ನಿಂತ ಗಾಡಿಯ ಟ್ಯಾಂಕಿನ ಮೇಲೆ ಬಿಸಿಲಿನಲ್ಲಿ ಹೆಲ್ಮೆಟ್ ಇಟ್ಟು ಹೋಗಬೇಡಿ. ಒಳಗೆ ಪೆಟ್ಟು ಹೀರುವುದು ಥರ್ಮೋಕೋಲ್ ಜಾತಿಯ ವಸ್ತು, ಅದಕ್ಕೆ ಬಿಸಿಯೂ ಪೆಟ್ರೋಲಿನ ಆವಿಯೂ ಒಗ್ಗುವುದಿಲ್ಲ.

ಎಲ್ಲವನ್ನೂ ಒಟ್ಟಿಗೆ ಕೊಳ್ಳುವಷ್ಟು ಹಣವಿಲ್ಲ. ಮೊದಲು ಯಾವುದು?

ಹೆಲ್ಮೆಟ್. ನಂತರ ಕೈಗವಸು, ಏಕೆಂದರೆ ಬೀಳುವ ಮನುಷ್ಯ ಅಂಗೈ ಊರುತ್ತಾನೆ. ಬೆರಳ ಗಂಟಿಗೆ ಗಟ್ಟಿ ಕವಚ, ಅಂಗೈಗೆ ಚರ್ಮ, ಮೇಲ್ಭಾಗಕ್ಕೆ ಜಾಲರಿ ಇರಲಿ. ಮೂರನೆಯದು ಕಣಕಾಲು ಮುಚ್ಚುವ ಬೂಟು. ಚಪ್ಪಲಿ ಹಾಕಿದ ಕಾಲು ಸೈಲೆನ್ಸರಿಗೆ ತಾಗಿ ಸುಟ್ಟುಕೊಂಡವರನ್ನು ಕಂಡಿದ್ದೇನೆ. ಆಮೇಲೆ ಪ್ಯಾಂಟಿನ ಮೇಲೆ ಕಟ್ಟುವ ಮೊಣಕಾಲು ಗುರಾಣಿ, ಕೊನೆಗೆ ಜಾಕೆಟ್. ಜಾಕೆಟ್ ಬರುವವರೆಗೆ ತುಂಬು ತೋಳಿನ ದಪ್ಪ ಹತ್ತಿಯ ಅಂಗಿಯಾದರೂ ಇರಲಿ. ಸಾಮಾನ್ಯ ಜೀನ್ಸ್ ಡಾಂಬರಿನ ಮೇಲೆ ಉಜ್ಜಿದರೆ ನಿಲ್ಲುವುದಿಲ್ಲ, ಅದನ್ನು ರಕ್ಷಣೆ ಎಂದು ಎಣಿಸಬೇಡಿ.

ಹಿಂದೆ ಕೂರುವ ನಮ್ಮ ಮನೆಯವರು ಸೀರೆ ಉಡುತ್ತಾರೆ, ಮಗುವೂ ಇರುತ್ತದೆ. ಅವರಿಗೇನು ಮಾಡಲಿ?

ಹಿಂದಿನ ಗಾಲಿಯ ಅರ್ಧದಷ್ಟಾದರೂ ಮುಚ್ಚುವ ಸೀರೆಗಾರ್ಡ್ ಗಾಡಿಗಿರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಂದಕ್ಕೆಂದು ಅದನ್ನು ಬಿಚ್ಚಿಸಿದ್ದರೆ ಇಂದೇ ಹಾಕಿಸಿ. ಇಳಕಲ್ ಸೀರೆಯ ಉದ್ದ ಸೆರಗು, ದುಪಟ್ಟಾ ಎರಡನ್ನೂ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಜಾಕೆಟ್ ತೊಡಿಸಿ ಜಿಪ್ ಹಾಕಿದರೆ ಹಾರುವುದಿಲ್ಲ. ಅವರಿಗೂ ಒಳ್ಳೆಯ ಹೆಲ್ಮೆಟ್ ಬೇಕು. ನಾಲ್ಕು ವರ್ಷ ದಾಟಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. ಒಂಬತ್ತು ತಿಂಗಳಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರನಿಗೆ ಕಟ್ಟುವ ಪಟ್ಟಿ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಮಗುವನ್ನು ಟ್ಯಾಂಕಿನ ಮೇಲೆ ಕೂರಿಸುವವರಿಗೆ ಒಂದು ವಿನಂತಿ: ಮಧ್ಯಾಹ್ನ ಆ ಟ್ಯಾಂಕನ್ನು ಒಮ್ಮೆ ನಿಮ್ಮ ಅಂಗೈಯಿಂದ ಮುಟ್ಟಿ ನೋಡಿ.

## ದೂರದ ದಾರಿಗೆ

ಬನಿಯನ್ ನೆನೆಸಿಕೊಂಡು ಜಾಕೆಟ್ ಹಾಕಿದರೆ ನಿಜವಾಗಿಯೂ ತಂಪಾಗುತ್ತದೆಯೇ?

ನಮ್ಮ ಒಣಹವೆಯಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮಣ್ಣಿನ ಹರವಿಯ ನೀರು ತಣ್ಣಗಾಗುವ ಬಗೆಯೇ ಇದು. ತುಂಬು ತೋಳಿನ ಹತ್ತಿಯ ಬನಿಯನ್ ನೆನೆಸಿ ಹಿಂಡಿ ತೊಟ್ಟು, ಮೇಲೆ ಜಾಲರಿ ಜಾಕೆಟ್ ಹಾಕಿ. ಗಾಳಿ ತೀರ ಜೋರಾಗಿ ನುಗ್ಗಿದರೆ ಹತ್ತೇ ನಿಮಿಷದಲ್ಲಿ ಒಣಗುತ್ತದೆ, ಹಾಗಾಗಿ ಜಾಕೆಟ್ಟಿನ ಮುಂಭಾಗವನ್ನು ತೆಳು ಗಾಳಿತಡೆಯಿಂದ ಅರೆಬರೆ ಮುಚ್ಚಿ ತೋಳುಗಳಿಂದ ಮಾತ್ರ ಗಾಳಿ ಬಿಡಿ. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿದರೆ ತುದಿಗಳನ್ನು ಒಳಗೆ ಸಿಕ್ಕಿಸಿ. ಬೆಳಗಾವಿಯಿಂದ ಚೋರ್ಲಾ ಘಟ್ಟ ಇಳಿದು ಗೋವಾ ಕಡೆ ಹೋದವರಿಗೆ ಇದೇ ಉಪಾಯ ಕೈಕೊಡುತ್ತದೆ. ಅಲ್ಲಿನ ಗಾಳಿಯಲ್ಲಿ ಮೊದಲೇ ತೇವವಿದ್ದು ಬನಿಯನ್ ಒಣಗುವುದೇ ಇಲ್ಲ, ಮೈಗೆ ಅಂಟಿಕೊಂಡು ಸೆಕೆ ಹೆಚ್ಚಿಸುತ್ತದೆ.

ಬೇಸಿಗೆಯಲ್ಲಿ ಕಚೇರಿ ಮಧ್ಯಾಹ್ನ 1.30ಕ್ಕೇ ಮುಗಿಯುತ್ತದೆ. ಆಗ ಹೊರಟರೆ ಬಾಗಲಕೋಟೆಗೆ ಹೋಗುವುದರೊಳಗೆ ತಲೆ ಸುತ್ತುತ್ತದೆ. ಏನು ಮಾಡಲಿ?

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ 1.30ಕ್ಕೆ ಬದಲಿಸುವುದು ಬಿಸಿಲಿನಿಂದ ಉಳಿಸಲೆಂದೇ. ಆದರೆ ದೂರದ ಊರಿನಿಂದ ಓಡಾಡುವ ಬೈಕ್ ಸವಾರ ಅತಿ ಕೆಟ್ಟ ಹೊತ್ತಿನಲ್ಲಿಯೇ ರಸ್ತೆಗೆ ಬೀಳುತ್ತಾನೆ. ಸಾಧ್ಯವಿದ್ದರೆ ಊಟ ಮುಗಿಸಿ, ನಾಲ್ಕೂವರೆಗೆ ಹೊರಡಿ. ಹೊರಡಲೇಬೇಕೆಂದರೆ ಸುಮಾರು 80 ಕಿಲೋಮೀಟರನ್ನು ಒಂದೇ ಓಟಕ್ಕೆ ಮುಗಿಸಬೇಡಿ. ಅರ್ಧ ಗಂಟೆಗೊಮ್ಮೆ ಬೇವಿನ ನೆರಳಿನಲ್ಲಿ ಐದು ನಿಮಿಷ ನಿಲ್ಲಿ. ನೀರಡಿಕೆಗೆ ಕಾಯದೆ ಕುಡಿಯಿರಿ. ಬರಿಯ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ, ಒಂದು ಲೀಟರ್ ನೀರಿಗೆ ಒಂದು ಪೊಟ್ಟಣದ ಓಆರ್‌ಎಸ್, ಮೂರೂ ಒಳ್ಳೆಯವು. ಮೇಲಿಂದ ಮೇಲೆ ಚಹಾ ಬೇಡ.

ತಲೆ ಸುತ್ತು, ತಲೆನೋವು, ವಾಕರಿಕೆ ಕಂಡರೆ ಅಲ್ಲೇ ಗಾಡಿ ನಿಲ್ಲಿಸಿ. ಜೊತೆಯಲ್ಲಿರುವವರು ತೊದಲತೊಡಗಿದರೆ, ಗೊಂದಲದ ಮಾತಾಡಿದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಾಘಾತ. ನೆರಳಿಗೆ ಒಯ್ದು, ಹೆಲ್ಮೆಟ್ ಜಾಕೆಟ್ ಬಿಚ್ಚಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೆದ್ದಾರಿಯಲ್ಲಿ ಓಡುತ್ತಿರುವಾಗಲೇ ಟೈರ್ ಸಿಡಿದರೆ ಏನು ಮಾಡಬೇಕು?

ಮೊದಲು ಹ್ಯಾಂಡಲ್ ಗಟ್ಟಿಯಾಗಿ, ನೇರವಾಗಿ ಹಿಡಿಯಿರಿ. ಮುಂದಿನದು ಸಿಡಿದರೆ ಹ್ಯಾಂಡಲ್ ನಡುಗುತ್ತದೆ, ಹಿಂದಿನದಾದರೆ ಸೀಟಿನ ಕೆಳಗೆ ಗಾಡಿ ಬಾಲ ಆಡಿಸುತ್ತದೆ. ಬ್ರೇಕ್ ಹಾಕುವ ಆಸೆಯನ್ನು ತಡೆದು, ಆಕ್ಸಿಲರೇಟರನ್ನು ನಿಧಾನವಾಗಿ ಬಿಟ್ಟು ವೇಗ ತಾನಾಗಿ ಇಳಿಯಲು ಬಿಡಿ. ಬ್ರೇಕ್ ಬೇಕೇ ಬೇಕಾದರೆ ಸಿಡಿಯದ ಗಾಲಿಯದನ್ನು ಮಾತ್ರ, ಮೆಲ್ಲಗೆ. ಸಿಡಿದ ಗಾಲಿಗೆ ಬ್ರೇಕ್ ಹಾಕಿದರೆ ಟೈರ್ ರಿಮ್ಮಿನಿಂದ ಕಳಚಿ ಗಾಲಿಗೇ ಸಿಕ್ಕಿಕೊಳ್ಳಬಹುದು. ಕೊರ್ತಿ-ಕೊಲ್ಹಾರ ಸೇತುವೆಯಂಥ ಉದ್ದ ಸೇತುವೆಯ ಮೇಲೆ ಹೀಗಾದರೆ ಎಡ ಅಂಚಿಗೆ ಒತ್ತಿಕೊಂಡು ಇಂಡಿಕೇಟರ್ ಹಾಕಿ. ಗಾಡಿಯನ್ನು ಅಲ್ಲೇ ಬಿಚ್ಚಲು ಕೂರಬೇಡಿ, ಮೊದಲ ಗೇರಿನಲ್ಲಿ ಪಕ್ಕದಲ್ಲಿ ನಡೆಸಿಕೊಂಡು ಸೇತುವೆ ದಾಟಿಸಿ. ಟೈರ್ ಹಾಳಾದರೆ ಹೋಗಲಿ. ಸೇತುವೆ ದಾಟುವವರೆಗೆ ಹೆಲ್ಮೆಟ್ ತಲೆಯ ಮೇಲೆಯೇ ಇರಲಿ.